ಹುಂಜದ ಗಾಡಿ ಯಾವ ಸರ್ಕಾರದ್ದು?

ನಂಬರ್ ಪ್ಲೇಟಿನಲ್ಲಿ ಓದಲು ಸಿಕ್ಕಿದ್ದು ಒಂದೇ ಅಕ್ಷರ: ಎಂ. ಉಳಿದದ್ದರ ಮೇಲೆ ಯಾರೋ ಯಾವಾಗಲೋ ಕರಿ ಬಣ್ಣ ಹೊಡೆದಿದ್ದರು, ಬಣ್ಣದಡಿ ತುಕ್ಕು ತಿಂದಿತ್ತು. ಹರಪನಹಳ್ಳಿ ತಾಲ್ಲೂಕಿನ ಹಳ್ಳಿಯೊಂದರ ದನದ ಕೊಟ್ಟಿಗೆಯಲ್ಲಿ, ಹೊಟ್ಟಿನ ಚೀಲಗಳ ಹಿಂದೆ ಒರಗಿಸಿಟ್ಟಿದ್ದ ಆ ಗಾಡಿ ಬಿಎಸ್‌ಎ ಬ್ಯಾಂಟಮ್. 125 ಸಿಸಿ, ಟೂ ಸ್ಟ್ರೋಕು, ಮೂರು ಗೇರು. ಟ್ಯಾಂಕಿನ ಮಗ್ಗುಲಲ್ಲಿ ಹುಂಜದ ಚಿತ್ರ ಅರ್ಧ ಉಳಿದಿದೆ. ಇಂಗ್ಲೆಂಡಿನ ಕಂಪನಿ ಆ ಮಾದರಿಗೆ ಗಿಡ್ಡ ತಳಿಯ ಕೋಳಿಯ ಹೆಸರನ್ನೇ ಇಟ್ಟಿತ್ತು. ಊರವರಿಗೆ ಕಂಪನಿಯೂ ಬೇಡ, ಮಾದರಿಯೂ ಬೇಡ. ಅವರಿಗೆ ಅದು ಹುಂಜದ ಗಾಡಿ.

ಕೊಳ್ಳಲು ಹೊರಟವನು ಕೊಟ್ಟೂರಿನ ನನ್ನ ಗೆಳೆಯ. ಗಾಡಿಗಳ ಬಿಡಿಭಾಗದ ಅಂಗಡಿ ಇಟ್ಟುಕೊಂಡವನಿಗೆ ಇಂಜಿನ್ ಬಿಚ್ಚಿ ಕಟ್ಟುವುದು ದೊಡ್ಡ ಮಾತಲ್ಲ. ತೊಡಕಿದ್ದದ್ದು ಕಾಗದದಲ್ಲಿ. ಆರ್‌ಸಿ ಬುಕ್ ಇಲ್ಲ, ನಂಬರ್ ಯಾರಿಗೂ ನೆನಪಿಲ್ಲ, ಗಾಡಿ ಕೊಂಡಿದ್ದ ಯಜಮಾನರು ತೀರಿಕೊಂಡು ಎಷ್ಟೋ ವರ್ಷವಾಗಿದೆ. ಬಳ್ಳಾರಿ ಸೀಮೆಯ ಹಳೆಯ ಕಾಗದಪತ್ರಗಳ ಹುಚ್ಚು ನನಗಿರುವುದು ಗೊತ್ತಿದ್ದರಿಂದ ನನಗೆ ಗಂಟುಬಿದ್ದ. “ಸರ್, ಶಾಸನಾ ಎಲ್ಲಾ ಓದ್ತೀರಿ. ಇದೊಂದು ನಂಬರ್ ಓದಿ ಕೊಡ್ರಿ,” ಎಂದ.

ಮನೆಯ ಹಿರಿಯ ಮಗ ಈಗ ಎಪ್ಪತ್ತು ದಾಟಿದ ಅಜ್ಜ. ಅವರ ಮಾತಿನಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ. “ನಮ್ಮಪ್ಪ ಮದ್ರಾಸಿಂದ ತರಿಸಿದ್ದು ರೀ. ಹಡಗಿನ್ಯಾಗ ಬಂದೈತಿ.” ಹಡಗಿನ ಮಾತು ನಿಜವೇ ಇರಬೇಕು, ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾದ ಗಾಡಿ ಎತ್ತಿನ ಬಂಡಿಯಲ್ಲಿ ಬರಲಾರದು. ಮದ್ರಾಸೂ ನಂಬುವಂಥದ್ದೇ. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ, ಆಗ ಕೂಡ್ಲಿಗಿಯೊಳಗೇ ಇದ್ದ ಕೊಟ್ಟೂರು, ಎಲ್ಲವೂ 1800ರಿಂದ 1953ರವರೆಗೆ ಮದ್ರಾಸಿನ ಆಳ್ವಿಕೆಯಲ್ಲಿದ್ದವು. ಮದ್ರಾಸಿನ ಗಾಡಿಗಳ ಸಂಖ್ಯೆ ಶುರುವಾಗುತ್ತಿದ್ದದ್ದು ಎಂಎಸ್, ಎಂಡಿ ಅಂತ. ಪ್ಲೇಟಿನ ಎಂ ಅಲ್ಲಿಗೆ ಹೊಂದಿಕೊಂಡು ಕೂರುತ್ತದೆ.

ಹೊಂದಿಕೊಂಡು ಕೂರುವುದನ್ನು ಕಂಡರೆ ನನಗೆ ಯಾವಾಗಲೂ ಸ್ವಲ್ಪ ಗುಮಾನಿ. ಮೈಸೂರಿನ ಗಾಡಿಗಳ ಗುರುತು ಎಂವೈ. ಅಲ್ಲೂ ಮೊದಲ ಅಕ್ಷರ ಎಂ ತಾನೇ?

ಈ ತಾಲ್ಲೂಕುಗಳ ಭೂಪಟವನ್ನು 1950ರ ಸುಮಾರಿಗೆ ಹಿಂದಕ್ಕೊಯ್ದು ನೋಡಬೇಕು. ಹಡಗಲಿಯವರು ತುಂಗಭದ್ರೆ ದಾಟಿದರೆ ಮುಂಬಯಿ ಸರ್ಕಾರದ ಧಾರವಾಡ ಜಿಲ್ಲೆ. ಹಾಗೇ ಹೊಳೆಗುಂಟ ಕೆಳಗೆ ಹೋದರೆ ಎದುರು ದಂಡೆ ಹೈದರಾಬಾದಿನದು. ಕೂಡ್ಲಿಗಿಯ ಪಕ್ಕದ ಸಂಡೂರಿಗೆ ಸ್ವಂತ ರಾಜರಿದ್ದರು. ಆ ಸಂಸ್ಥಾನ ಮದ್ರಾಸಿಗೆ ಸೇರಿದ್ದು 1949ರಲ್ಲಿ. ಹರಪನಹಳ್ಳಿಯ ದಕ್ಷಿಣಕ್ಕೆ ದಾವಣಗೆರೆ, ಅದು ಮೈಸೂರು ರಾಜ್ಯದ ಚಿತ್ರದುರ್ಗ ಜಿಲ್ಲೆಯ ಊರು. ಅಂದರೆ ಹರಪನಹಳ್ಳಿಯ ಸಾಹುಕಾರನೊಬ್ಬ ಬೆಳಿಗ್ಗೆ ಮದ್ರಾಸು ರಾಜ್ಯದಲ್ಲಿ ಎದ್ದು, ಹತ್ತಿ ಶೇಂಗಾ ಮಾರಲು ಮೈಸೂರು ರಾಜ್ಯಕ್ಕೆ ಹೋಗಿ, ರಾತ್ರಿ ಊಟಕ್ಕೆ ಮದ್ರಾಸಿಗೆ ಮರಳುತ್ತಿದ್ದ. ಜಿಲ್ಲಾ ಕೇಂದ್ರ ಬಳ್ಳಾರಿ ಎರಡು-ಮೂರು ಪಟ್ಟು ದೂರ. ಕೈಯಲ್ಲಿ ದುಡ್ಡಿದ್ದು ಮೋಟಾರ್ ಸೈಕಲ್ ಬೇಕೆನಿಸಿದವನು ಯಾವ ದಿಕ್ಕಿಗೆ ಹೋಗಿರುತ್ತಾನೆ?

ಇದರ ಉತ್ತರಕ್ಕೆ ಮೊದಲು ಗಾಡಿಯನ್ನೇ ಕೇಳಬೇಕಿತ್ತು. ಹ್ಯಾಂಡಲ್ ಕೆಳಗಿನ ಫ್ರೇಮಿನ ಕುತ್ತಿಗೆಯಲ್ಲಿ ಚಾಸಿ ನಂಬರ್ ಕೆತ್ತಿರುತ್ತಾರೆ. ಗೆಳೆಯ ಅಂಗಡಿಯ ಹುಡುಗನನ್ನು ಕರೆದುಕೊಂಡು ಬಂದಿದ್ದ. ಹುಡುಗ ಚಿಂದಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಆ ಜಾಗದ ಮೇಲೆ ಇಟ್ಟ, ಗ್ರೀಸು ಮೆತ್ತಗಾಗುವವರೆಗೆ ಚಹಾ ಕುಡಿದ, ಆಮೇಲೆ ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಉಜ್ಜಿದ. ಮರಳು ಕಾಗದ ಹಾಕಬೇಡ ಎಂದು ಗೆಳೆಯ ಎರಡು ಸಲ ಗದರಿದ. ಉಜ್ಜಿ ಅಂಕಿ ಸವೆದರೆ, ಬ್ರೇಕ್ ಇನ್‌ಸ್ಪೆಕ್ಟರ್ ಮೊದಲು ಕೇಳುವುದೇ ನಂಬರ್ ತಿದ್ದಿದ್ದೀರಾ ಅಂತ. ಕಬ್ಬಿಣ ಒಣಗಿದ ಮೇಲೆ ಅಂಕಿಗಳ ಮೇಲೆ ಪೆನ್ಸಿಲ್ ಅಡ್ಡ ಹಿಡಿದು ಗೀಚಿ, ಮೇಲೆ ಸೆಲೋ ಟೇಪು ಒತ್ತಿ, ನಿಧಾನಕ್ಕೆ ಕಿತ್ತು ಬಿಳಿ ಹಾಳೆಗೆ ಅಂಟಿಸಿದ. ಆರ್‌ಟಿಒ ಕಚೇರಿಯ ಸುತ್ತ ಬದುಕುವವರೆಲ್ಲ ಬಲ್ಲ ಪೆನ್ಸಿಲ್ ಪ್ರಿಂಟ್ ಇದು. ನಾವು ಶಾಸನದ ಮೇಲೆ ಕಾಗದ ಹಾಸಿ ಮಸಿ ಒತ್ತುವುದಕ್ಕೂ ಇದಕ್ಕೂ ಹೆಚ್ಚೇನು ಅಂತರವಿಲ್ಲ.

ಅಂಕಿಗಳಿಗೆ ಮುಂಚೆ ವೈಡಿ1 ಎಂದಿತ್ತು. ಅದು ಬ್ಯಾಂಟಮ್ಮಿನ ಮೊದಲ ಮಾದರಿಯ ಗುರುತು, 1948ರಲ್ಲಿ ಶುರುವಾದದ್ದು. ಹಿಂದಿನ ಚಕ್ರಕ್ಕೆ ಸ್ಪ್ರಿಂಗೇ ಇಲ್ಲದ ಗಟ್ಟಿ ಫ್ರೇಮು. ಹಳ್ಳಿ ದಾರಿಯಲ್ಲಿ ಇದರ ಮೇಲೆ ಓಡಾಡಿದ ಯಜಮಾನರ ಸೊಂಟದ ಗಟ್ಟಿತನವನ್ನು ಮೆಚ್ಚಬೇಕು.

ಈ ಗಾಡಿಯ ವಂಶವೂ ವಿಚಿತ್ರ. ಮೂಲ ಇಂಗ್ಲೆಂಡಿನದಲ್ಲ, ಜರ್ಮನಿಯ ಡಿಕೆಡಬ್ಲ್ಯು ಕಂಪನಿಯ ಆರ್‌ಟಿ 125. ಯುದ್ಧ ಸೋತ ಜರ್ಮನಿಯಿಂದ ಪರಿಹಾರವೆಂದು ಗೆದ್ದವರು ಅದರ ನಕ್ಷೆಗಳನ್ನು ಹೊತ್ತೊಯ್ದರು. ಅಮೆರಿಕದಲ್ಲಿ ಹಾರ್ಲೆ ಡೇವಿಡ್‌ಸನ್, ರಷ್ಯಾದಲ್ಲಿ ಸರ್ಕಾರಿ ಕಾರ್ಖಾನೆ, ಇಂಗ್ಲೆಂಡಿನಲ್ಲಿ ಬಿಎಸ್‌ಎ ಅದನ್ನೇ ಕಟ್ಟಿದವು. ಜಪಾನಿನ ಯಮಹಾ 1955ರಲ್ಲಿ ಹೊರತಂದ ತನ್ನ ಮೊದಲ ಮೋಟಾರ್ ಸೈಕಲ್ಲೂ ಇದೇ ಅಚ್ಚಿನದು. ಬಿಎಸ್‌ಎಯವರು ನಕ್ಷೆಯನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದರು, ಎಡಕ್ಕಿದ್ದ ಗೇರು ಬಲಕ್ಕೆ ಬಂತು. ಜಾವಾ ಓಡಿಸಿ ಕಾಲಿಗೆ ಎಡಗಡೆಯ ರೂಢಿಯಾದವನು ಇದರ ಮೇಲೆ ಕೂತರೆ ಗೇರು ಹಾಕಲು ಹೋಗಿ ಬ್ರೇಕ್ ಒತ್ತುತ್ತಾನೆ. ಅಜ್ಜನ ತಮ್ಮ ಹೀಗೇ ಒಮ್ಮೆ ತಿಪ್ಪೆಗೆ ನುಗ್ಗಿಸಿದ್ದರಂತೆ. ಮನೆಯವರು ಅದನ್ನು ಇವತ್ತಿಗೂ ಆಡಿಕೊಂಡು ನಗುತ್ತಾರೆ.

ಚಾಸಿ ನಂಬರಿನಿಂದ ಹುಟ್ಟಿದ ವರ್ಷ ತಿಳಿಯಲು ಒಂದು ದಾರಿಯಿದೆ. 1946ರಲ್ಲಿ ಸ್ಥಾಪನೆಯಾದ ಇಂಗ್ಲೆಂಡಿನ ವಿಂಟೇಜ್ ಮೋಟಾರ್ ಸೈಕಲ್ ಕ್ಲಬ್ಬಿನ ಗ್ರಂಥಾಲಯದಲ್ಲಿ ಬಿಎಸ್‌ಎ ಸೇರಿದಂತೆ ಎಷ್ಟೋ ಹಳೆಯ ಕಾರ್ಖಾನೆಗಳ ದಾಖಲೆ ಪುಸ್ತಕಗಳಿವೆ. ಶುಲ್ಕ ಕಟ್ಟಿದರೆ ಹುಡುಕಿ ಪ್ರಮಾಣಪತ್ರ ಕೊಡುತ್ತಾರೆ. ನಾವು ಅಲ್ಲಿಗೆ ಬರೆಯುವ ಮೊದಲೇ ಅಜ್ಜನ ಮನೆಯ ಟ್ರಂಕು ಬಾಯಿಬಿಟ್ಟಿತು.

ಹಳ್ಳಿಯ ಟ್ರಂಕು ಯಾವ ಪತ್ರಾಗಾರಕ್ಕೂ ಕಡಿಮೆಯಲ್ಲ. ಕಂದಾಯದ ರಸೀದಿ, ಸೊಸೈಟಿ ಸಾಲದ ಪಟ್ಟಿ, ಯಾರದೋ ಮದುವೆಯ ಲಗ್ನಪತ್ರಿಕೆ. ತುಂಗಭದ್ರಾ ಅಣೆಕಟ್ಟಿನ ಹಿನ್ನೀರಲ್ಲಿ ಮುಳುಗಿದ ನೆಂಟರ ಊರಿನ ಪರಿಹಾರದ ಕಾಗದಗಳು ಬೇರೆ ಕಟ್ಟು. ಅವನ್ನು ಓದುತ್ತ ಅರ್ಧ ದಿನ ಕಳೆದೆ, ಗೆಳೆಯ ಗೊಣಗಿದ. ಎಲ್ಲಕ್ಕಿಂತ ಕೆಳಗೆ, ನಾಲ್ಕಾಗಿ ಮಡಿಸಿದ ಒಂದು ವಿಮೆ ಚೀಟಿ. 1939ರ ಮೋಟಾರು ವಾಹನ ಕಾಯ್ದೆಯಲ್ಲಿ ಮೂರನೆಯವರ ವಿಮೆಯ ಅಧ್ಯಾಯ ಮೊದಲಿಂದ ಇದ್ದರೂ ಕಡ್ಡಾಯವಾಗಿ ಜಾರಿಗೆ ಬಂದದ್ದು 1946ರ ಜುಲೈ 1ರಿಂದ. ಹಾಗಾಗಿ ಆಮೇಲೆ ಕೊಂಡ ಗಾಡಿಗೆ ಎಲ್ಲೋ ಒಂದು ವಿಮೆ ಕಾಗದ ಇರಲೇಬೇಕು ಎಂಬುದು ನನ್ನ ಲೆಕ್ಕವಾಗಿತ್ತು. ಚೀಟಿ ಕೊಟ್ಟ ಕಂಪನಿ ಈಗಿಲ್ಲ. 1973ರಲ್ಲಿ ನೂರಕ್ಕೂ ಹೆಚ್ಚು ಸಾಮಾನ್ಯ ವಿಮಾ ಕಂಪನಿಗಳು ರಾಷ್ಟ್ರೀಕರಣವಾಗಿ ನಾಲ್ಕರಲ್ಲಿ ಕರಗಿದಾಗ ಅದೂ ಕರಗಿತು. ಚೀಟಿಯಲ್ಲಿ ಮಾತ್ರ ಚಾಸಿ ನಂಬರ್ ಇತ್ತು, ನಮ್ಮ ಪೆನ್ಸಿಲ್ ಪ್ರಿಂಟಿಗೆ ಅಂಕಿ ಅಂಕಿ ತಾಳೆಯಾಯಿತು. ಅದರ ಎದುರು ವಾಹನದ ಸಂಖ್ಯೆ. ಮೊದಲೆರಡು ಅಕ್ಷರ ಎಂವೈ. ಏಜೆಂಟರ ವಿಳಾಸ ದಾವಣಗೆರೆ.

“ಅಲ್ಲಿಗೆ ಮದ್ರಾಸು ಹೋತು,” ಎಂದ ಗೆಳೆಯ. ಅಜ್ಜ ಒಪ್ಪಲಿಲ್ಲ. “ವಿಮಾ ದಾವಣಗೆರಿದಿರಬೌದು. ಗಾಡಿ ಮದ್ರಾಸಿಂದ.” ಮದ್ರಾಸು ಬಂದರಿನಲ್ಲಿ ಇಳಿದು ದಾವಣಗೆರೆಯ ಅಂಗಡಿಗೆ ಬಂದಿದ್ದರೆ ಇಬ್ಬರ ಮಾತೂ ಉಳಿಯುತ್ತದೆ. ನಾನು ಹಾಗೆಂದ ಮೇಲೆ ಅಜ್ಜ ಇನ್ನೊಂದು ಸುತ್ತು ಚಹಾ ಹೇಳಿದರು.

ನಂಬರ್ ಸಿಕ್ಕ ಮೇಲೆ ಬೇಕಾದದ್ದು ಬಿ ಎಕ್ಸ್‌ಟ್ರಾಕ್ಟ್. ನೋಂದಣಿ ಕಚೇರಿಯ ರಿಜಿಸ್ಟರಿನಲ್ಲಿ ಆ ವಾಹನದ ಪುಟದಲ್ಲಿ ಏನಿದೆಯೋ ಅದರ ನಕಲು. ಆದರೆ ಯಾವ ಕಚೇರಿ? ಇಲ್ಲಿಯ ಗಾಡಿಗಳ ಪಾಡು ಹೊರಗಿನವರಿಗೆ ಅಷ್ಟು ಸುಲಭಕ್ಕೆ ತಿಳಿಯದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಉಳಿದದ್ದು ಮೈಸೂರಿಗೆ ಬಂತು. 1989ರ ನಂತರ ಕೆಎ ಸರಣಿ ಬಂದಾಗ ಬಳ್ಳಾರಿಗೆ 34, ಹೊಸಪೇಟೆಗೆ 35. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹರಪನಹಳ್ಳಿಯನ್ನು ಅದಕ್ಕೆ ಸೇರಿಸಿದರು. ಅಲ್ಲಿಯ ಗಾಡಿಗಳು ಕೆಎ 17 ಆದವು. ಬಳ್ಳಾರಿಗೆ 371ಜೆ ವಿಶೇಷ ಸ್ಥಾನ ಸಿಕ್ಕಾಗ ಹರಪನಹಳ್ಳಿ ಹೊರಗುಳಿಯಿತು, ಹೋರಾಟವಾಯಿತು, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆಯಾಗಿ ಹೊಸಪೇಟೆ ಜಿಲ್ಲಾ ಕೇಂದ್ರವಾಯಿತು. ಕೊಟ್ಟಿಗೆಯಿಂದ ಅಲ್ಲಾಡದ ಗಾಡಿ ಇಷ್ಟು ಸರ್ಕಾರ, ಇಷ್ಟು ಜಿಲ್ಲೆ ತಿರುಗಿದೆ. ಆದರೆ ಅದರ ಮೊದಲ ಪುಟ ಇವ್ಯಾವುದರಲ್ಲೂ ಇರಲಿಲ್ಲ. ದಾವಣಗೆರೆ ಆಗ ಚಿತ್ರದುರ್ಗ ಜಿಲ್ಲೆಯಲ್ಲಿತ್ತಲ್ಲ, ಪುಟ ಇದ್ದದ್ದು ಆ ಜಿಲ್ಲೆಯ ಹಳೆಯ ಪುಸ್ತಕದಲ್ಲಿ.

ಎಕ್ಸ್‌ಟ್ರಾಕ್ಟ್ ಕೈಗೆ ಬಂದ ಸಂಜೆ ಗೆಳೆಯನ ಅಂಗಡಿಯ ಗಾಜಿನ ಕೌಂಟರ್ ಮೇಲೆ ಹರಡಿಕೊಂಡು ಓದಿದೆವು. ಇಂಗ್ಲಿಷಿನ ಬಾಗಿದ ಕೈಬರಹ. ತಯಾರಕರು ಬಿಎಸ್‌ಎ, ತಯಾರಿಕೆಯ ವರ್ಷ 1951. ಸಿಸಿ ಎಂದು ನಾವು ಹುಡುಕುವ ಕಡೆ ಅಶ್ವಶಕ್ತಿ. ಬಣ್ಣ ಹಸಿರು, ಬ್ಯಾಂಟಮ್ ಕಾರ್ಖಾನೆಯಿಂದ ಬರುತ್ತಿದ್ದದ್ದೇ ಮಂಜು ಮುಸುಕಿದಂಥ ತಿಳಿ ಹಸಿರಿನಲ್ಲಿ. ಮಾಲೀಕರ ಹೆಸರಿನ ಮುಂದೆ ‘ಬಳ್ಳಾರಿ ಜಿಲ್ಲೆ, ಮದ್ರಾಸು’ ಎಂಬ ವಿಳಾಸ. ಪರರಾಜ್ಯದವನಿಗೆ ಮೈಸೂರಿನ ನಂಬರ್! ನಾನು ಆ ಸಾಲನ್ನೇ ನೋಡುತ್ತಿದ್ದೆ. ಗೆಳೆಯ ಇಡೀ ಹಾಳೆ ಹಿಂದೆ ಮುಂದೆ ತಿರುಗಿಸಿ, “ಇಂಪೋರ್ಟೆಡ್ ಅಂತ ಎಲ್ಲಿ ಬರದಾರ ಸರ್?” ಎಂದ.

ಎಲ್ಲೂ ಬರೆದಿರಲಿಲ್ಲ, ಆ ಕಾಲಮ್ಮೇ ಇರಲಿಲ್ಲ. 1951ರಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳುವ ಹಾಗಿರಲಿಲ್ಲ ಕೂಡ. ನಮ್ಮ ದೇಶದಲ್ಲಿ ಮೋಟಾರ್ ಸೈಕಲ್ ಕಟ್ಟುವ ಕೆಲಸ ನೆಲೆ ಕಂಡದ್ದು 1955ರಲ್ಲಿ, ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾದ ಮೇಲೆ. ಅದಕ್ಕೆ ಮುಂಚೆ ರಸ್ತೆಯ ಮೇಲಿದ್ದವು, ಸೈನ್ಯ ಹರಾಜು ಹಾಕಿದ ಯುದ್ಧಕಾಲದವೂ ಸೇರಿ, ಹೊರಗಿನಿಂದ ಬಂದವೇ. ಎಲ್ಲವೂ ಆಮದಾಗಿದ್ದಾಗ ಆಮದು ಎಂಬ ಕಾಲಮ್ ಯಾಕೆ ಬೇಕು?

ಇವತ್ತು ಬೇಕು, ಅದಕ್ಕೆ ಬೆಲೆಯೂ ಇದೆ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಇಪ್ಪತ್ತು ವರ್ಷ ಮೀರಿದ ವಾಹನಗಳ ನೋಂದಣಿ ನವೀಕರಣದ ಶುಲ್ಕ ಏರಿಸಿತು. ಮೋಟಾರ್ ಸೈಕಲ್ಲಿಗೆ 2,000 ರೂಪಾಯಿ. ಆಮದಾದ ದ್ವಿಚಕ್ರ, ತ್ರಿಚಕ್ರಕ್ಕೆ 20,000. ಒಂದು ಶಬ್ದಕ್ಕೆ ಹತ್ತು ಪಟ್ಟು. ಪಕ್ಕದ ಓಣಿಯಲ್ಲಿ ಅದೇ ಅಜ್ಜನ ಅಳಿಯನ ಜಾವಾ ನಿಂತಿದೆ. ಫಾರೂಖ್ ಇರಾನಿ ಮೈಸೂರಿನ ಯಾದವಗಿರಿಯಲ್ಲಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆಯದು. 1961ರಲ್ಲಿ ಅಲ್ಲಿ ತಯಾರಿಕೆ ಶುರುವಾಯಿತು, 1973ರಲ್ಲಿ ಹೆಸರು ಯೆಜ್ಡಿ ಎಂದಾಯಿತು, 1996ರಲ್ಲಿ ಬಾಗಿಲು ಮುಚ್ಚಿತು. ನಕ್ಷೆ ಜೆಕೊಸ್ಲೊವಾಕಿಯದ್ದಾದರೂ ಆ ಜಾವಾ ಸ್ವದೇಶಿ, 2,000 ಸಾಕು. ಹುಂಜದ ಗಾಡಿ ಎಪ್ಪತ್ತಕ್ಕೂ ಹೆಚ್ಚು ವರ್ಷ ಇಲ್ಲಿಯ ದೂಳು ತಿಂದರೂ ಪರದೇಶಿ.

ನನಗೆ ಈ ಲೆಕ್ಕ ಸರಿಕಾಣುವುದಿಲ್ಲ. ಆಮದು ಶುಲ್ಕ ದುಬಾರಿ ಮಾಡಿರುವುದು ಈ ಕಾಲದಲ್ಲಿ ಲಕ್ಷಗಟ್ಟಲೆ ಕೊಟ್ಟು ಹೊರಗಿನಿಂದ ತರಿಸುವವರನ್ನು ಕಣ್ಣಮುಂದಿಟ್ಟುಕೊಂಡು ಇರಬೇಕು. ಸ್ವದೇಶಿ ಗಾಡಿ ಸಿಗದ ಕಾಲದಲ್ಲಿ ಶೇಂಗಾ ಮಾರಿ ಕೊಂಡವನ ಮೊಮ್ಮಕ್ಕಳ ಮೇಲೂ ಅದು ಬೀಳುತ್ತದೆ.

2021ರ ಜುಲೈ 15ರಂದು ಹೊರಬಂದ ವಿಂಟೇಜ್ ವಾಹನಗಳ ನಿಯಮದಲ್ಲಿ ಇನ್ನೊಂದು ಬಾಗಿಲಿದೆ. ಮೊದಲ ನೋಂದಣಿಯಾಗಿ ಐವತ್ತು ವರ್ಷ ಮೀರಿದ, ಮೂಲರೂಪ ಕೆಡದ ಖಾಸಗಿ ವಾಹನ ವಿಂಟೇಜ್. ಹೊಸದಾಗಿ ನೋಂದಾಯಿಸಿದರೆ 20,000 ರೂಪಾಯಿ, ಮರುನೋಂದಣಿಗೆ 5,000, ಹತ್ತು ವರ್ಷ ಚಾಲ್ತಿ. ಹೊಸ ಗುರುತಿನಲ್ಲಿ ರಾಜ್ಯದ ಅಕ್ಷರಗಳ ಪಕ್ಕ ವಿಎ ಎಂದಿರುತ್ತದೆ. ಮೊದಲೇ ನೋಂದಣಿಯಾದ ಗಾಡಿ ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಅರ್ಜಿ ಫಾರಂ 20ರಲ್ಲಿ. ಆಮದು ಗಾಡಿಯಾದರೆ ಕಸ್ಟಮ್ಸಿನ ಬಿಲ್ ಆಫ್ ಎಂಟ್ರಿ ಕೊಡಬೇಕು, ಇಲ್ಲಿ ನೋಂದಣಿಯಾಗಿದ್ದರೆ ಹಳೆಯ ಆರ್‌ಸಿ. ನಮ್ಮದು ಎರಡೂ ಹೌದು. 1951ರ ಬಿಲ್ ಆಫ್ ಎಂಟ್ರಿ ದೇವರಿಗೂ ಸಿಗಲಾರದು. ಬಿ ಎಕ್ಸ್‌ಟ್ರಾಕ್ಟ್ ಇಲ್ಲದೇ ಹೋಗಿದ್ದರೆ ಈ ಗಾಡಿ ಕಾನೂನಿನ ಕಣ್ಣಿಗೆ ನಿನ್ನೆ ರಾತ್ರಿ ಕಳ್ಳ ಹಡಗಿನಲ್ಲಿ ಬಂದದ್ದೇ ಆಗುತ್ತಿತ್ತು.

ಇಷ್ಟು ಒದ್ದಾಡುವ ಬದಲು ಇಂಗ್ಲೆಂಡಿನಿಂದಲೇ ಒಂದನ್ನು ತರಿಸಬಾರದೇ ಎಂದು ಅಂಗಡಿಯಲ್ಲಿ ಕೂತಿದ್ದ ಒಬ್ಬರು ಕೇಳಿದರು. ತರಿಸಬಹುದು. ಮೊದಲು 1950ಕ್ಕೆ ಮುಂಚೆ ತಯಾರಾದವನ್ನು ಮಾತ್ರ ಹಾಗೆ ಬಿಡುತ್ತಿದ್ದರು, 2025ರಲ್ಲಿ ಅದನ್ನು ಐವತ್ತು ವರ್ಷ ಹಳೆಯದು ಎಂದು ಸಡಿಲಿಸಿದರು. ಆದರೆ ಹಡಗಿನ ಬಾಡಿಗೆ, ಸುಂಕ, ಅದರ ಮೇಲಿನ ತೆರಿಗೆ ಎಲ್ಲ ಕೂಡಿದರೆ ಗಾಡಿಯ ಬೆಲೆಯನ್ನೇ ಮೀರುತ್ತದೆ. ಕೇಳಿದವರು ಸುಮ್ಮನೆ ಬೀಡಿ ಹಚ್ಚಿದರು.

ವಿಂಟೇಜ್ ಬಾಗಿಲಿನ ತೊಡಕು ಬೇರೆ. ಹಾಗೆ ನೋಂದಣಿಯಾದ ಗಾಡಿಯನ್ನು ದಿನಬಳಕೆಗೆ ಓಡಿಸುವ ಹಾಗಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಷ್ಟಕ್ಕೇ ರಸ್ತೆ. ಗೆಳೆಯನಿಗೆ ಆಸೆಯಿದ್ದದ್ದು ಕೊಟ್ಟೂರಿನಿಂದ ಹೊಲಕ್ಕೆ, ಆಗಾಗ ಹಗರಿಬೊಮ್ಮನಹಳ್ಳಿ ಸಂತೆಗೆ ಹುಂಜದ ಗಾಡಿಯಲ್ಲೇ ಹೋಗಬೇಕೆಂದು. ಅದಕ್ಕೆ ಸಾಮಾನ್ಯ ನವೀಕರಣವೇ ಆಗಬೇಕು: ಐದು ವರ್ಷಕ್ಕೊಮ್ಮೆ, 20,000. ಓಡಿಸದೆ ಇಡಲು 5,000, ಓಡಿಸಲು 20,000. ಅವನು ಕ್ಯಾಲ್ಕ್ಯುಲೇಟರ್ ತೆಗೆದು ಏನೇನೋ ಒತ್ತಿ, ಮತ್ತೆ ಡ್ರಾದೊಳಗೆ ಹಾಕಿದ. “ಹೊಲಕ್ಕ ಟಿವಿಎಸ್ಸೇ ಸಾಕು ಬಿಡ್ರಿ.”

ವಿಂಟೇಜ್ ಎಂದರೆ ರಾಜ್ಯದ ಸಮಿತಿ ಗಾಡಿ ನೋಡಿ ಮೂಲರೂಪದಲ್ಲಿದೆ ಎನ್ನಬೇಕು. ಇದರ ಅಮಾಲ್ ಕಾರ್ಬುರೇಟರ್ ಎಂದೋ ಹೋಗಿ ರಾಜ್‌ದೂತ್‌ನದು ಕೂತಿದೆ, ಸೈಲೆನ್ಸರ್ ಯಾವುದೋ ವೆಲ್ಡಿಂಗ್ ಅಂಗಡಿಯ ಕೈಚಳಕ. ಇವನ್ನು ಹೊಂದಿಸುವುದು ದುಡ್ಡಿನ ಮಾತು, ಆಗುತ್ತದೆ. ಚಾಸಿ ಮತ್ತು ಇಂಜಿನ್ ಎರಡೂ ರಿಜಿಸ್ಟರಿಗೆ ತಾಳೆಯಾಗುತ್ತವೆ, ಅದೇ ದೊಡ್ಡದು. ಹಳೆಯ ಜಾವಾಗಳೂ ಒಂದೊಂದಾಗಿ ಐವತ್ತು ದಾಟಿ ಬೆಲೆ ಏರುತ್ತಿರುವಾಗ, ಯಾವುದೋ ಗುಜರಿ ಫ್ರೇಮಿಗೆ ಬೇಕಾದ ನಂಬರ್ ಹೊಡೆದು ಮಾರುವವರೂ ಇದ್ದಾರೆ. ಕೊಳ್ಳುವವರು ಬಣ್ಣ ನೋಡಿ ಮರುಳಾಗದೆ ಪೆನ್ಸಿಲ್ ಪ್ರಿಂಟ್ ತೆಗೆದು, ಎಕ್ಸ್‌ಟ್ರಾಕ್ಟ್ ಜೊತೆ ಹಿಡಿದು ನೋಡಿ, ಆಮೇಲೆ ಮುಂಗಡ ಕೊಡುವುದು ಒಳ್ಳೆಯದು.

ಇನ್ನು ಉಳಿದದ್ದು ವಾರಸುದಾರಿಕೆ. ಕಳೆದ ಆರ್‌ಸಿಗೆ ಪೊಲೀಸ್ ದೂರು ಕೊಟ್ಟು ಫಾರಂ 26ರಲ್ಲಿ ನಕಲು ಕೇಳಬೇಕು. ತೀರಿಕೊಂಡವರ ಹೆಸರಿನಿಂದ ಮಕ್ಕಳ ಹೆಸರಿಗೆ ಫಾರಂ 31, ಅಲ್ಲಿಂದ ಗೆಳೆಯನ ಹೆಸರಿಗೆ ಫಾರಂ 29 ಮತ್ತು 30. ನಾಡಕಚೇರಿಯ ವಂಶವೃಕ್ಷದಲ್ಲಿ ಯಜಮಾನರಿಗೆ ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಮೂವರು ಸಹಿ ಹಾಕಿದ್ದಾರೆ. ಕಿರಿಯ ಮಗಳು ಹುಬ್ಬಳ್ಳಿಯಲ್ಲಿದ್ದಾರೆ. ಗೆಳೆಯ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ.

“ಸಹಿ ಏನ್ ಮಹಾ, ಕೊಟ್ಟೂರು ತೇರಿಗೆ ಬಂದಾಗ ಹಾಕ್ತೀನಿ ತಮ್ಮಾ,” ಎಂದರು ಆಕೆ. “ಅದು ದಾವಣಗೆರಿಂದ ತಂದದ್ದು, ಗೊತ್ತೈತೇನು ನಿಮಗ? ತಂದ ದಿನ ಅಪ್ಪ ಬೆಣ್ಣೆ ದೋಸೆ ಕಟ್ಟಿಸ್ಕೊಂಡ್ ಬಂದಿದ್ನಂತ. ನಮ್ಮವ್ವ ಹೇಳಾಕಿ.”

ಹೆಣ್ಣುಮಕ್ಕಳನ್ನು ಮೊದಲೇ ಕೇಳುವುದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.